ಹಳೆಯ ವಿಡಿಯೊ ಕ್ಯಾಸೆಟ್ಟುಗಳ ವಿಲೇವಾರಿ: ಪ್ರಯತ್ನಿಸಿ ನೋಡಿದ ದಾರಿಗಳ ಹೋಲಿಕೆ

ಮನೆಯ ಕಪಾಟಿನಲ್ಲಿ ವರ್ಷಗಳಿಂದ ಕೂಡಿಬಿದ್ದಿದ್ದ 46 ವಿಡಿಯೊ ಕ್ಯಾಸೆಟ್ಟುಗಳನ್ನು ಕಳೆದ ಎಂಟು ತಿಂಗಳಿಂದ ಒಂದೊಂದಾಗಿ ವಿಲೇವಾರಿ ಮಾಡುತ್ತಿದ್ದೇನೆ. ಅವುಗಳಲ್ಲಿ 37 ವಿಎಚ್‌ಎಸ್ ಎಂಬ ಹಳೆಯ ದೊಡ್ಡ ಕ್ಯಾಸೆಟ್ಟುಗಳು, ಉಳಿದ 9 ಮಿನಿಡಿವಿ ಎಂಬ, ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾಗಳ ಪುಟ್ಟ ಕ್ಯಾಸೆಟ್ಟುಗಳು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಸಕ್ಕೆ ಹಾಕುವುದು ಒಂದು ಗಂಟೆಯ ಕೆಲಸ. ಆದರೆ ಕ್ಯಾಸೆಟ್ಟು ನಮ್ಮ ಮೇಲೆ ಎರಡು ಹೊಣೆಗಳನ್ನು ಹೊರಿಸುತ್ತದೆ. ಅದರಲ್ಲಿರುವ ಮನೆಯವರ ಮುಖ, ಮಾತು, ಖಾಸಗಿ ಗಳಿಗೆಗಳು ಅಪರಿಚಿತರ ಕೈಗೆ ಹೋಗಬಾರದು. ಅದರ ಪ್ಲಾಸ್ಟಿಕ್ಕು ಮಣ್ಣನ್ನೋ ಗಾಳಿಯನ್ನೋ ಸೇರಬಾರದು. ಮೊದಲ ಹೊಣೆಯನ್ನು ಚೆನ್ನಾಗಿ ನಿಭಾಯಿಸುವ ದಾರಿ ಎರಡನೆಯದನ್ನು ಕೆಡಿಸುವುದುಂಟು ಎಂಬುದು ಕೆಲಸಕ್ಕೆ ಇಳಿದ ಮೇಲೆಯೇ ನನಗೆ ಮನವರಿಕೆಯಾಯಿತು.

ಬಿಸಾಡುವ ಮುನ್ನ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಕ್ಯಾಸೆಟ್ಟನ್ನು ಓಡಿಸುವ, ಅದರ ಮೇಲೆ ಮುದ್ರಿಸುವ ಯಂತ್ರವಾದ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಈಗ ಓಡುತ್ತಿರುವ ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ಹಾಗಾಗಿ ಕಡೆಯ ಕ್ಯಾಸೆಟ್ಟು ಮುಗಿಯುವವರೆಗೆ ವಿಸಿಆರ್ ಅನ್ನು ಯಾರಿಗೂ ಕೊಡಬೇಡಿ. ಹತ್ತು ಕ್ಯಾಸೆಟ್ಟುಗಳನ್ನು ಪರಿವರ್ತನೆ ಮಾಡಿಕೊಡುವ ಒಂದು ಕಡೆಗೆ ಕೊಟ್ಟು, ಉಳಿದವನ್ನು ಮನೆಯಲ್ಲೇ ಮಾಡಿಕೊಂಡೆ. ಹೊರಗೆ ಕೊಟ್ಟವು ಬೇಗ ಬಂದವು, ಆದರೆ ವಿಪರೀತ ಕುಗ್ಗಿಸಿದ ಕಡತಗಳಾಗಿ ಬಂದವು. ಎರಡರಲ್ಲಿ ಕೊನೆಯ ಭಾಗವೇ ಇರಲಿಲ್ಲ. ಮನೆಯಲ್ಲಿ ಮಾಡಿದರೆ ಮೂರು ಗಂಟೆಯ ಟೇಪಿಗೆ ಮೂರು ಗಂಟೆ ಕೂರಲೇಬೇಕು, ಆದರೆ ಫಲ ನಮ್ಮ ಕಣ್ಣೆದುರೇ ಇರುತ್ತದೆ. ಮಿನಿಡಿವಿಯಲ್ಲಿರುವುದು ಮೊದಲೇ ಡಿಜಿಟಲ್ ದತ್ತಾಂಶವಾದ್ದರಿಂದ, ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ಲಿನ ಮೂಲಕ ಅದನ್ನು ಇದ್ದದ್ದು ಇದ್ದಂತೆಯೇ ಇಳಿಸಬಹುದು. ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಸಮಯವಿರುವವರಿಗೆ ಮನೆಯ ದಾರಿಯೇ ಮೇಲು ಎಂಬುದು ನನ್ನ ತೀರ್ಮಾನ. ಹೊರಗೆ ಮಾಡಿಸಿದರೂ, ಪ್ರತಿಯೊಂದು ಕಡತವನ್ನು ಕೊನೆಯವರೆಗೆ ನೋಡಿ, ಎರಡು ಬೇರೆ ಡ್ರೈವುಗಳಲ್ಲಿ ಇರಿಸಿದ ನಂತರವೇ ಮೂಲ ಟೇಪಿಗೆ ಕೈಹಚ್ಚಬೇಕು.

ಅಳಿಸುವ ವಿಧಾನಗಳಲ್ಲಿ ನಾನು ಮೂರನ್ನು ಪರೀಕ್ಷಿಸಿದೆ, ಮತ್ತು ಪ್ರತಿ ಬಾರಿಯೂ ಟೇಪನ್ನು ಮತ್ತೆ ಓಡಿಸಿ ನೋಡಿದೆ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಕ್ಯಾಸೆಟ್ಟಿನ ಎರಡೂ ಬದಿಗೆ ಹತ್ತು ನಿಮಿಷ ಉಜ್ಜಿದಾಗ ಚಿತ್ರ ಅಲ್ಲಲ್ಲಿ ಹರಿದಂತಾಯಿತು, ಆದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಇದನ್ನು ನಂಬಿ ಕ್ಯಾಸೆಟ್ಟನ್ನು ಯಾರಿಗೂ ಕೊಡಬಾರದು. ಎರಡನೆಯದು, ಏನನ್ನೂ ಜೋಡಿಸದ ವಿಸಿಆರ್‌ನಲ್ಲಿ ಖಾಲಿ ಸಂಕೇತವನ್ನು ಮೇಲೆ ಮುದ್ರಿಸುವುದು. ರೆಕಾರ್ಡಿಂಗ್ ತಡೆಯಲು ಮುರಿದಿದ್ದ, ಕ್ಯಾಸೆಟ್ಟಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಕಿವಿಯ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಸಾಕು; ವಿಎಚ್‌ಎಸ್ ಯಂತ್ರದಲ್ಲಿ ಟೇಪಿನ ಪೂರ್ತಿ ಅಗಲವನ್ನು ಅಳಿಸುವ ಪ್ರತ್ಯೇಕ ಹೆಡ್ ಇರುವುದರಿಂದ ಫಲ ಶುದ್ಧವಾಗಿತ್ತು. ಕಾಲ ಮಾತ್ರ ಟೇಪಿನ ಪೂರ್ತಿ ಉದ್ದದಷ್ಟೇ ಹಿಡಿಯಿತು, ನಿಧಾನಗತಿಯ ಆಯ್ಕೆಯಲ್ಲಿ ಬಿಟ್ಟರೆ ಇನ್ನೂ ಹೆಚ್ಚು.

ಮೂರನೆಯದು ಪರಿಚಿತರೊಬ್ಬರಿಂದ ಎರವಲು ತಂದ, ವಿದ್ಯುತ್ತಿನಿಂದ ನಡೆಯುವ ಟೇಪು ಅಳಿಸುವ ಯಂತ್ರ. ವಿಎಚ್‌ಎಸ್ ಒಂದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ, ಪರದೆಯ ಮೇಲೆ ಏನೂ ಉಳಿಯಲಿಲ್ಲ. ಆದರೆ ಅದೇ ಯಂತ್ರಕ್ಕೆ ಒಡ್ಡಿದ ಮಿನಿಡಿವಿ ಕ್ಯಾಸೆಟ್ಟಿನಲ್ಲಿ ತುಣುಕು ತುಣುಕಾಗಿ ಚಿತ್ರ ಮೂಡುತ್ತಲೇ ಇತ್ತು. ಅದಕ್ಕೆ ಕಾರಣ ಲೇಪನದಲ್ಲಿದೆ. ವಿಎಚ್‌ಎಸ್ ಟೇಪಿನ ಆಕ್ಸೈಡ್ ಲೇಪನದ ಕಾಂತತೆಯನ್ನು ಕದಲಿಸಲು ಸುಮಾರು 700 ಓರ್ಸ್ಟೆಡ್ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಬಲ ಬೇಕಾದರೆ, ಮಿನಿಡಿವಿಯ ಲೋಹದ ಲೇಪನಕ್ಕೆ ಅದರ ಎರಡರಷ್ಟು ಬೇಕು. ಪೂರ್ತಿ ಅಳಿಸಲು ಇನ್ನೂ ಹೆಚ್ಚು. ವಿಎಚ್‌ಎಸ್‌ಗೆ ಈ ಯಂತ್ರಕ್ಕಿಂತ ಉತ್ತಮವಾದದ್ದು ನನಗೆ ಕಾಣಲಿಲ್ಲ. ಅದನ್ನು ಬಳಸುವಾಗ ಹಾರ್ಡ್ ಡ್ರೈವ್, ಬ್ಯಾಂಕ್ ಕಾರ್ಡ್, ಕೈಗಡಿಯಾರಗಳನ್ನು ದೂರವಿಡಬೇಕು, ಮತ್ತು ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಹತ್ತಿರ ಬರಲೇಬಾರದು.

ಟೇಪನ್ನು ಹೊರಗೆಳೆದು ಕತ್ತರಿಸುವುದು ಹಲವರಿಗೆ ಮೊದಲು ಹೊಳೆಯುವ ಉಪಾಯ. ನಾನೂ ಒಂದು ಕ್ಯಾಸೆಟ್ಟಿನ ಮೇಲೆ ಅದನ್ನು ಮಾಡಿದೆ, ಮತ್ತೆ ಮಾಡಲಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪು ಇರುತ್ತದೆ. ಬಿಡಿಸಿದ ಮೇಲೆ ಅದು ಕೋಣೆ ತುಂಬುವ ಗೋಜಲು. ಮರುಬಳಕೆ ಘಟಕದ ವಿಂಗಡಣೆ ಯಂತ್ರದ ತಿರುಗುವ ದಂಡಗಳಿಗೆ ಇಂಥ ಉದ್ದನೆಯ ಪಟ್ಟಿ ಸುತ್ತಿಕೊಂಡರೆ ಯಂತ್ರ ನಿಲ್ಲಿಸಿ, ಕೆಲಸಗಾರರು ಒಳಗಿಳಿದು ಕೈಯಿಂದ ಕೊಯ್ದು ತೆಗೆಯಬೇಕಾಗುತ್ತದೆ. ನಮ್ಮ ಗುಟ್ಟು ಕಾಯಲು ಮತ್ತೊಬ್ಬರ ಕೈಯನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವಲ್ಲ. ಬದಲಿಗೆ ಕವಚದ ಐದು ಸ್ಕ್ರೂ ಬಿಚ್ಚಿ, ಸುರುಳಿಯನ್ನು ಸುತ್ತಿದ ಸ್ಥಿತಿಯಲ್ಲೇ ಹರಿತವಾದ ಚಾಕುವಿನಿಂದ ಅಂಚಿನಿಂದ ನಡುವಿನವರೆಗೆ ಸೀಳಿದರೆ, ಪ್ರತಿಯೊಂದು ಸುತ್ತೂ ತುಂಡಾಗಿ ಗೇಣುದ್ದಕ್ಕಿಂತ ಹೆಚ್ಚೇನೂ ಉದ್ದವಿಲ್ಲದ ಚೂರುಗಳು ಉಳಿಯುತ್ತವೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಸಾಮಾನ್ಯ ವೇಗದಲ್ಲಿ ಟೇಪು ಸೆಕೆಂಡಿಗೆ 23 ಮಿಲಿಮೀಟರಿನಷ್ಟು ಮಾತ್ರ ಸರಿಯುವುದರಿಂದ ಒಂದು ಚೂರಿನಲ್ಲಿ ಕೆಲವು ಸೆಕೆಂಡುಗಳ ಚಿತ್ರ ಉಳಿಯಬಹುದು. ಆದರೆ ಅದನ್ನು ಜೋಡಿಸಿ ಓಡಿಸುವ ಶ್ರಮ ಯಾರೂ ಪಡಲಾರರು. ಅಳಿಸುವ ಯಂತ್ರಕ್ಕೆ ಬಗ್ಗದ ಮಿನಿಡಿವಿಗಳಿಗೂ ಇದನ್ನೇ ಮಾಡಿದೆ. ದಪ್ಪ ಕೈಗವಸು ಹಾಕಿಕೊಂಡು, ಚೂರುಗಳನ್ನು ಬಿಗಿಯಾಗಿ ಕಟ್ಟಿದ ಚೀಲದಲ್ಲೇ ಇಟ್ಟೆ.

ಸುಡುವುದನ್ನು ನಾನು ಪ್ರಯತ್ನಿಸಿಲ್ಲ, ಯಾರೂ ಪ್ರಯತ್ನಿಸಬಾರದು. ಪಾಲಿಸ್ಟೈರೀನ್ ಕವಚ, ಪಾಲಿಯೆಸ್ಟರ್ ಪಟ್ಟಿ, ಲೋಹದ ಆಕ್ಸೈಡ್ ಲೇಪನ ಇವು ಒಟ್ಟಿಗೆ ಉರಿದಾಗ ಏಳುವ ಹೊಗೆ ವಿಷಕಾರಿ.

ಕೊನೆಗೆ ಎಲ್ಲಿಗೆ ಕಳಿಸುವುದೆಂಬ ಪ್ರಶ್ನೆ. ಕವಚ, ಸುರುಳಿ, ಸ್ಪ್ರಿಂಗುಗಳನ್ನು ಬೇರ್ಪಡಿಸಿ ಪ್ಲಾಸ್ಟಿಕ್ ಮರುಬಳಕೆಗೆ ಕೊಡುವ ಯೋಚನೆ ಆದರ್ಶದ್ದೆಂದು ತೋರಿತು. ಆದರೆ ನಾನು ಬಿಚ್ಚಿದ ಹನ್ನೆರಡು ಕ್ಯಾಸೆಟ್ಟುಗಳ ಕವಚಗಳನ್ನು, ಯಾವ ಪ್ಲಾಸ್ಟಿಕ್ಕೆಂಬ ಗುರುತು ಇಲ್ಲದ ಕಾರಣಕ್ಕೆ, ಮರುಬಳಕೆಯವರು ತೆಗೆದುಕೊಳ್ಳಲಿಲ್ಲ. ಇ-ತ್ಯಾಜ್ಯ ಸಂಗ್ರಹಕಾರರನ್ನು ವಿಚಾರಿಸಿದಾಗ ಒಬ್ಬರು ನಿರಾಕರಿಸಿದರು, ಇನ್ನೊಬ್ಬರು ಅಳಿಸಿದ ಕ್ಯಾಸೆಟ್ಟುಗಳನ್ನು ಬಿಚ್ಚದೆ ಹಾಗೆಯೇ ಕೊಡಿ ಎಂದರು. ಮೊದಲೇ ಕೇಳಿದ್ದರೆ ಆ ಹನ್ನೆರಡನ್ನು ಬಿಚ್ಚುವ ಶ್ರಮ ಉಳಿಯುತ್ತಿತ್ತು. ಅವುಗಳನ್ನೂ ಚೂರುಗಳ ಚೀಲಗಳನ್ನೂ ಕೊನೆಗೆ ಅವರೇ ತೆಗೆದುಕೊಂಡರು. ಅವರೂ ಇಲ್ಲದೆ ಹೋಗಿದ್ದರೆ, ಸುರುಳಿ ಕಳಚದ ಕ್ಯಾಸೆಟ್ಟನ್ನು ಸಾಮಾನ್ಯ ಕಸಕ್ಕೆ ಹಾಕುವುದು, ಟೇಪು ಎಳೆದು ಮರುಬಳಕೆಯ ಡಬ್ಬಿಗೆ ತುರುಕುವುದಕ್ಕಿಂತ ಕಡಿಮೆ ಹಾನಿಯದು ಎಂದು ಈಗ ಭಾವಿಸುತ್ತೇನೆ.

ಕಪಾಟಿನಲ್ಲಿ ಈಗ ಉಳಿದಿರುವವು ಮೂರು ಕ್ಯಾಸೆಟ್ಟುಗಳು. ಅವುಗಳ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ವಿಸಿಆರ್‌ಗೆ ಹಾಕಿದರೆ ಅದು ಹೆಡ್ಡಿಗೂ ಅಲ್ಲಿಂದ ಮುಂದಿನ ಟೇಪಿಗೂ ಹರಡುತ್ತದೆ. ಶುಚಿಗೊಳಿಸಬಲ್ಲ ಅನುಭವಿಗಳು ಸಿಗುವವರೆಗೆ ಅವುಗಳನ್ನು ಬೇರೆಯಾಗಿ, ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟಿದ್ದೇನೆ.