2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್: ಕಾರವಾರದ ಉಪ್ಪುಗಾಳಿಯಲ್ಲಿ ಬಾಳಿಕೆ ಹೇಗೆ, ಹೊಸ ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ ಏನು ನೋಡಬೇಕು

ಕೇಬಲ್‌ನಿಂದಲೇ ಕರೆಂಟ್ ಪಡೆಯುವ 2.5 ಇಂಚಿನ 2 ಟಿಬಿ ಹಾರ್ಡ್ ಡಿಸ್ಕ್ ಇದು. ಕಡಲ ಬದಿಯ ಊರಿನಲ್ಲಿ ಹಲವು ಮಳೆಗಾಲ ಕಳೆದ ಮೇಲೂ ಡಿಸ್ಕ್‌ಗೆ 5ರಲ್ಲಿ 4 ಅಂಕ ಕೊಡುತ್ತೇನೆ. ಜೊತೆಗೆ ಬರುವ ಕೇಬಲ್‌ಗೆ 2 ಸಾಕು. ಮದುವೆ ವಿಡಿಯೊ, ರಾತ್ರಿಯಿಡೀ ನಡೆಯುವ ಯಕ್ಷಗಾನದ ರೆಕಾರ್ಡಿಂಗ್, ಹಳೆಯ ಲೆಕ್ಕಪತ್ರ ಇವನ್ನೆಲ್ಲ ಒಟ್ಟಿಗೆ ಇಡಲು ಇಷ್ಟು ಅಗ್ಗದ ಜಾಗ ಬೇರೆ ಸಿಗುವುದಿಲ್ಲ. ಹಳೆ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಡಿಸ್ಕ್ ಹೊಸದರಲ್ಲಿ ಕಾಣದೇ ಹೋದರೆ ಹೆಚ್ಚಿನ ಸಲ ಡಿಸ್ಕ್ ಕೆಟ್ಟಿರುವುದಿಲ್ಲ. ಗಾಬರಿಯಲ್ಲಿ ‘ಫಾರ್ಮ್ಯಾಟ್’ ಒತ್ತಿದಾಗಲೇ ನಿಜವಾದ ನಷ್ಟ ಆಗುವುದು. ಹಾಗಾಗಿ ಆ ಗುಂಡಿಯ ತನಕ ಹೋಗದೆ ಏನೇನು ನೋಡಬಹುದೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕರೆಂಟ್. ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವ ಒಂದೆರಡು ಸೆಕೆಂಡು ಸುಮಾರು 1 ಆಂಪಿಯರ್ ಎಳೆಯಬಹುದು. ಯುಎಸ್‌ಬಿ 2.0 ಪೋರ್ಟಿನ ನಿಯಮದ ಮಿತಿ 500 ಮಿಲಿಆಂಪಿಯರ್, 3.0ದ್ದು 900. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್ ಒಂದೋ ಎರಡೋ ಇರುವುದರಿಂದ ಜನ ಒಂದು ಪೋರ್ಟನ್ನು ಹಲವಾಗಿಸುವ ಹಬ್ ಹಾಕುತ್ತಾರೆ. ಮೌಸ್, ಪೆನ್‌ಡ್ರೈವ್, ಕೀಬೋರ್ಡ್ ಎಲ್ಲ ಆ 900ರಲ್ಲೇ ಪಾಲು ಕೇಳುತ್ತವೆ, ಡಿಸ್ಕ್‌ಗೆ ಸಾಲುವುದಿಲ್ಲ. ಆಗ ದೀಪ ಹತ್ತುತ್ತದೆ, ಒಳಗೆ ‘ಟಕ್’ ಎಂದು ಸದ್ದಾಗಿ ನಿಲ್ಲುತ್ತದೆ, ಮತ್ತೆ ‘ಟಕ್’ ಅನ್ನುತ್ತದೆ. ಈ ಸದ್ದು ಕೇಳಿ ಡಿಸ್ಕ್ ಸತ್ತಿತೆಂದು ತೀರ್ಮಾನಿಸಬೇಡಿ. ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ, ಚಾರ್ಜರ್ ಜೋಡಿಸಿ, ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿ. ಸಮನಾದ ಸಣ್ಣ ಕಂಪನ ಬಂತೆಂದರೆ ತಿರುಗುತ್ತಿದೆ. ನೇರ ಹಾಕಿದರೂ ಟಕ್ ಟಕ್ ನಿಲ್ಲದಿದ್ದರೆ ಮಾತ್ರ ಕೂಡಲೇ ಕಿತ್ತುಬಿಡಿ, ಪದೇ ಪದೇ ಹಾಕಿ ನೋಡುವುದು ಒಳ್ಳೆಯದಲ್ಲ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಮುಂದಿನದಕ್ಕೆ ಮದರ್‌ಬೋರ್ಡಿನಿಂದ ಉದ್ದ ವೈರ್ ಹೋಗಿರುತ್ತದೆ.

ಆಮೇಲೆ ಕೇಬಲ್. ಡಿಸ್ಕ್ ಕಡೆಯ ಅಗಲವಾದ ಮೈಕ್ರೊ-ಬಿ ಪ್ಲಗ್‌ನಲ್ಲಿ ಎರಡು ಭಾಗ ಇವೆ. ದೊಡ್ಡದು ಹಳೆಯ ಯುಎಸ್‌ಬಿ 2.0ದ್ದು, ಪಕ್ಕದ ಸಣ್ಣದು 3.0 ವೇಗದ್ದು. ಸಣ್ಣ ಭಾಗ ಸಡಿಲವಾದರೆ ಡಿಸ್ಕ್ ಕಾಣುತ್ತದೆ, ಆದರೆ ಸೆಕೆಂಡಿಗೆ 35ರಿಂದ 40 ಎಂಬಿ ಮೇಲೆ ಏರುವುದಿಲ್ಲ. ಸರಿಯಾಗಿದ್ದರೆ ದೊಡ್ಡ ಫೈಲ್ 100ರ ಮೇಲೆಯೇ ಓಡಬೇಕು. ಮನೆಯಲ್ಲಿ ಹಳೆ ಮೊಬೈಲ್‌ನ ಮೈಕ್ರೊ ಯುಎಸ್‌ಬಿ ಡೇಟಾ ಕೇಬಲ್ ಇದ್ದರೆ ಆ ದೊಡ್ಡ ಭಾಗಕ್ಕೆ ಅದು ಹೊಂದುತ್ತದೆ. ಅದರಲ್ಲಿ ಡಿಸ್ಕ್ ನಿಧಾನವಾಗಿಯಾದರೂ ಕಂಡರೆ ಮೂಲ ಕೇಬಲ್ ಹೋಗಿದೆ ಎಂದು ಅಲ್ಲೇ ಗೊತ್ತಾಯಿತು. ಹೊಸದು ಕೊಳ್ಳುವಾಗ ಮೈಕ್ರೊ-ಬಿಯಿಂದ ಟೈಪ್-ಸಿಗೆ ನೇರವಾಗಿ ಹೋಗುವ, ಅರ್ಧ ಮೀಟರ್ ಮೀರದ ಕೇಬಲ್ ಕೇಳಿ. ಹಳೆ ಕೇಬಲ್‌ನ ತುದಿಗೆ ಸಣ್ಣ ಒಟಿಜಿ ಅಡಾಪ್ಟರ್ ಸಿಕ್ಕಿಸಿ ಸುಧಾರಿಸುವುದು ಬೇಡ, ಅವುಗಳಲ್ಲಿ ಹಲವು 2.0 ಮಾತ್ರ. ಡಿಸ್ಕ್ ಹಾಕಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸಿನ ರಿಸೀವರನ್ನು ಬೇರೆ ಬದಿಯ ಪೋರ್ಟ್‌ಗೆ ಹಾಕಿ, ಯುಎಸ್‌ಬಿ 3.0 ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡ ಬರುತ್ತದೆ.

ಡಿಸ್ಕ್ ತಿರುಗುತ್ತಿದೆ, ‘ದಿಸ್ ಪಿಸಿ’ಯಲ್ಲಿ ಮಾತ್ರ ಇಲ್ಲ ಅಂತಾದರೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ 2 ಟಿಬಿ ಡಿಸ್ಕ್ ಸುಮಾರು 1,863 ಜಿಬಿ ಎಂದು ಕಾಣಬೇಕು. ಲೆಕ್ಕ ಹಾಕುವ ಕ್ರಮ ಬೇರೆ ಇರುವುದರಿಂದ ಹಾಗೆ, ಜಾಗ ಎಲ್ಲೂ ಹೋಗಿಲ್ಲ. ‘ಹೆಲ್ದಿ’ ಎಂದಿದ್ದು ಡಿ, ಇ ಥರದ ಅಕ್ಷರ ಇಲ್ಲದಿದ್ದರೆ ಬಲ ಕ್ಲಿಕ್ ಮಾಡಿ ಡ್ರೈವ್ ಲೆಟರ್ ಕೊಡಿ. ಪಿ ಅಥವಾ ಟಿ ಥರದ ದೂರದ ಅಕ್ಷರ ಕೊಟ್ಟರೆ ಕಾರ್ಡ್ ರೀಡರ್, ನೆಟ್‌ವರ್ಕ್ ಡ್ರೈವ್‌ಗಳ ಜೊತೆ ಡಿಕ್ಕಿ ಆಗುವುದಿಲ್ಲ. ‘ಆಫ್‌ಲೈನ್’ ಎಂದಿದ್ದರೆ ಎಡಭಾಗದಲ್ಲಿ ಬಲ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿ. ಈ ಎರಡರಿಂದ ಡೇಟಾಕ್ಕೆ ಏನೂ ಆಗದು.

‘ರಾ’ (ಒಳಗಿನ ಫಾರ್ಮ್ಯಾಟ್ ವಿಂಡೋಸ್‌ಗೆ ಗುರುತಾಗಿಲ್ಲ) ಎಂದೋ ‘ನಾಟ್ ಇನಿಶಿಯಲೈಸ್ಡ್’ (ವಿಭಾಗಗಳ ಪಟ್ಟಿ ಸಿಕ್ಕಿಲ್ಲ) ಎಂದೋ ಬಂದರೆ ಅಲ್ಲಿ ಕೈ ಹಿಂದೆ ತೆಗೆಯಿರಿ. ಇನಿಶಿಯಲೈಸ್ ಮಾಡಿದರೆ ವಿಭಾಗಗಳ ಪಟ್ಟಿಯೇ ಹೊಸದಾಗಿ ಬರೆದುಹೋಗುತ್ತದೆ. ಡಿಸ್ಕಿನ ಸಾಲಿದ್ದು ಗಾತ್ರವೇ ಇಲ್ಲದಿದ್ದರೆ, ಅಥವಾ ‘ನೋ ಮೀಡಿಯಾ’ ಎಂದಿದ್ದರೆ, ಯುಎಸ್‌ಬಿ ಬೋರ್ಡ್ ಮಾತಾಡುತ್ತಿದೆ, ಹಿಂದಿನ ಡಿಸ್ಕ್ ಉತ್ತರ ಕೊಡುತ್ತಿಲ್ಲ ಎಂದರ್ಥ. ಇನ್ನೊಂದು ಗುರುತು: 200 ಎಂಬಿಯ ಸಣ್ಣ ಇಎಫ್‌ಐ ವಿಭಾಗ, ಪಕ್ಕದಲ್ಲಿ ಹೆಸರಿಲ್ಲದ ದೊಡ್ಡ ವಿಭಾಗ. ಅದು ಬಹುಮಟ್ಟಿಗೆ ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್. ವಿಂಡೋಸ್ ತಾನಾಗಿ ಅದನ್ನು ಓದುವುದಿಲ್ಲ, ಡೇಟಾ ಒಳಗೆ ಸುರಕ್ಷಿತವಾಗಿಯೇ ಇರುತ್ತದೆ. ಇದರ ಉಲ್ಟಾ ಹೇಳುವುದಾದರೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನ ಡಿಸ್ಕನ್ನು ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಎರಡೂ ಕಡೆ ಬೇಕಾದರೆ ಡೇಟಾ ಬೇರೆಡೆ ತೆಗೆದಿಟ್ಟು, ಎರಡಕ್ಕೂ ಒಗ್ಗುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಡಿಸ್ಕಿಗೆ ಪಾಸ್‌ವರ್ಡ್ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ವಿಷಯ ಹೆಚ್ಚು ಜನರಿಗೆ ಹೊಸ ಕಂಪ್ಯೂಟರ್ ಬಂದ ದಿನವೇ ನೆನಪಾಗುವುದು. ಹಳೆಯದರಲ್ಲಿ ತಾನಾಗಿ ಬೀಗ ತೆರೆಯುವ ಆಟೊ-ಅನ್‌ಲಾಕ್ ಹಾಕಿದ್ದರೆ ಅದು ವರ್ಷಗಟ್ಟಲೆ ಪಾಸ್‌ವರ್ಡ್ ಕೇಳಿರುವುದಿಲ್ಲ. ಹೊಸದು ಪಾಸ್‌ವರ್ಡನ್ನೋ 48 ಅಂಕಿಯ ರಿಕವರಿ ಕೀಯನ್ನೋ ಕೇಳುತ್ತದೆ. ಹಳೆ ಕಂಪ್ಯೂಟರನ್ನು ಮಾರುವ, ರೀಸೆಟ್ ಮಾಡುವ ಮೊದಲು ಆ ಕೀಯನ್ನು ಪ್ರಿಂಟ್ ತೆಗೆದಿಡಿ. ಎರಡೂ ಕಳೆದುಹೋದರೆ ಯಾವ ಅಂಗಡಿಯವರೂ ತೆರೆದುಕೊಡಲಾರರು. ಫೋಲ್ಡರ್ ಕಾಣುತ್ತದೆ, ‘ಆಕ್ಸೆಸ್ ಡಿನೈಡ್’ ಅನ್ನುತ್ತದೆ ಎಂದರೆ ಅದು ಬೇರೆ ಸಮಸ್ಯೆ, ಸುಲಭದ್ದು. ಫೋಲ್ಡರ್ ಹಳೆ ವಿಂಡೋಸ್ ಖಾತೆಯ ಹೆಸರಿನಲ್ಲಿದೆ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಬದಲಿಸಿ, ಅಗತ್ಯ ಬಿದ್ದರೆ ಅನುಮತಿಯನ್ನೂ ಸೇರಿಸಿ.

ಡಿಸ್ಕ್ ಕಂಡ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ಹಾಕಿ ಆರೋಗ್ಯ ನೋಡಿ. 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಅಂಕಣ ಸೊನ್ನೆ ಇರಬೇಕು. ಸಿ5 ಏರುತ್ತಾ ಹೋದರೆ ಓದಲಾಗದ ಸೆಕ್ಟರ್‌ಗಳು ಕೂಡುತ್ತಿವೆ. ಅಂಥ ಡಿಸ್ಕಿನ ಮೇಲೆ ವಿಂಡೋಸ್‌ನ ದುರಸ್ತಿ ಸಾಧನ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಬಡಿದಾಡಿ ಇರುವುದನ್ನೂ ಕೆಡಿಸಬಹುದು. ಮೊದಲು ಅತಿ ಮುಖ್ಯವಾದದ್ದನ್ನು ನಕಲು ಮಾಡಿ.

ಬರೆಯುವಾಗ ಹತ್ತಾರು ಜಿಬಿ ಆದ ಮೇಲೆ ವೇಗ ದಿಢೀರನೆ ಕುಸಿದರೆ ಅದು ರೋಗವಲ್ಲ. ಈ ಗಾತ್ರದ ಬಹಳಷ್ಟು ಡಿಸ್ಕ್‌ಗಳು ಎಸ್‌ಎಂಆರ್ ಬಗೆಯವು: ಒಳಗಿನ ಟ್ರ್ಯಾಕ್‌ಗಳು ಮಾಡಿನ ಹಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ, ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಕೂಡಿಡಲು ಒಳ್ಳೆಯದು, ಇದರ ಮೇಲೆಯೇ ವಿಡಿಯೊ ಎಡಿಟ್ ಮಾಡಲು ನಾನು ಹೇಳುವುದಿಲ್ಲ.

ಕರಾವಳಿಯ ವಿಷಯಕ್ಕೆ ಬಂದರೆ, ಕಾರವಾರ, ಅಂಕೋಲಾ, ಹೊನ್ನಾವರದಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಪೆಟ್ಟು ತಿನ್ನುವುದು ಪೋರ್ಟಿನ ಪಿನ್‌ಗಳು. ಟಾರ್ಚ್ ಬಿಟ್ಟು ನೋಡಿ, ಹೊಳೆಯಬೇಕಾದ ಲೋಹ ಮಂಕಾಗಿ ಅಂಚಿನಲ್ಲಿ ಹಸಿರು ಪುಡಿ ಕೂತಿದ್ದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. 99% ಐಸೊಪ್ರೊಪೈಲ್ ಆಲ್ಕೋಹಾಲ್ ತುಸುವೇ ಅದ್ದಿದ ಮೆತ್ತನೆ ಬ್ರಷ್‌ನಿಂದ ಪೋರ್ಟ್, ಪ್ಲಗ್ ಎರಡನ್ನೂ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಎಸಿ ಕೋಣೆಯಿಂದ ಹೊರ ತಂದ ತಣ್ಣನೆ ಡಿಸ್ಕಿನ ಮೇಲೆ ತೇವ ಕೂರುತ್ತದೆ, ಅರ್ಧ ಗಂಟೆ ಬಿಟ್ಟು ಜೋಡಿಸಿ. ಇಡುವುದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ಅಕ್ಕಿಯಲ್ಲಿ ಹುಗಿಯುವುದರಿಂದ ಪೋರ್ಟಿಗೆ ಪುಡಿ ಸೇರುವುದೇ ಲಾಭ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ನಿದ್ದೆಯಲ್ಲಿದೆಯೆಂದು ಡಿಸ್ಕ್ ಚುಚ್ಚಿಟ್ಟೇ ಬ್ಯಾಗಿಗೆ ಹಾಕಬೇಡಿ. ತಿರುಗುವಾಗ ಬೀಳುವ ಏಟು, ಬಾಗುವ ಪ್ಲಗ್ ಎರಡೂ ಕೆಟ್ಟವು.

ಎಲ್ಲ ಸರಿಯಾಗಿ ಫೈಲ್ ತೆರೆದಾಗ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಡಿಸ್ಕನ್ನು ದೂರಬೇಡಿ. ಅದು ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಹಾಕಿ ತೆರೆಯಿರಿ, ಯೂನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಮಾಡಿ, ಅದನ್ನು ಬೇರೆ ಡಿಸ್ಕಿನಲ್ಲಿ ಇಡಿ.