ಜಂಕ್ ಮೇಲ್ ಮೇಲಿನ ಸಿಟ್ಟಿಗೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ

ಹೋಂಸ್ಟೇ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವ್ಯವಹಾರ, ಬ್ಯಾಂಕು, ಮನೆ ಎಲ್ಲಕ್ಕೂ ಒಂದೇ ಇಮೇಲ್ ಇಟ್ಟುಕೊಂಡವರೂ ಓದಿ.

ನಮ್ಮದು ಮಡಿಕೇರಿ ಪಕ್ಕ ಎರಡು ಕೋಣೆಯ ಸಣ್ಣ ಹೋಂಸ್ಟೇ. ದಸರಾದಲ್ಲಿ ವಿಜಯದಶಮಿ ರಾತ್ರಿ ದಶಮಂಟಪಗಳ ಮೆರವಣಿಗೆ ಇರುತ್ತದೆ ಅಲ್ವಾ, ಆ ದಿನ ಊರಲ್ಲಿ ಕೋಣೆ ಸಿಗುವುದೇ ಕಷ್ಟ. ಧಾರವಾಡದ ಒಂದು ಕುಟುಂಬ ಆರು ವಾರ ಮೊದಲೇ ಫೋನ್ ಮಾಡಿತ್ತು. ಪರಿಚಯದವರ ಕಡೆಯವರು, ಹಾಗಾಗಿ ಮುಂಗಡ ಕೇಳಲಿಲ್ಲ. "ಎಷ್ಟು ಜನ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಒಂದು ಮೇಲ್ ಹಾಕಿ, ಸಾಕು" ಎಂದೆ. ಮೇಲ್ ಬರಲಿಲ್ಲ. ಎರಡು ವಾರ ಕಾದೆ. ಅವರಿಗೆ ಮನಸ್ಸು ಬದಲಾಗಿರಬೇಕು ಅಂದುಕೊಂಡು ಎರಡೂ ಕೋಣೆ ಬೇರೆಯವರಿಗೆ ಕೊಟ್ಟೆ.

ವಿಜಯದಶಮಿ ಸಂಜೆ ಐದೂವರೆ. ಮಂಜು ಇಳಿದಿತ್ತು, ಹನಿ ಮಳೆ ಬೇರೆ. ಗೇಟಿನ ಮುಂದೆ ಕಾರು ನಿಂತಿತು. ಆರು ಜನ, ಅವರಲ್ಲಿ ಒಬ್ಬರು ಎಂಬತ್ತು ದಾಟಿದ ಅಜ್ಜಿ. "ಮೂರು ಸಲ ಮೇಲ್ ಕಳಿಸೀವ್ರೀ ಅಕ್ಕಾರ, ನೋಡಿಲ್ಲೇನ್ರಿ?" ಎಂದು ಅವರ ಮಗ ಫೋನ್ ತೆರೆದು ತೋರಿಸಿದರು. ಮೂರೂ ಮೇಲ್ ನನ್ನ ಸರಿಯಾದ ವಿಳಾಸಕ್ಕೇ ಬಂದಿದ್ದವು. ಎರಡು ದಿನದಿಂದ ಫೋನ್ ಕೂಡ ಮಾಡುತ್ತಿದ್ದರಂತೆ. ನಮ್ಮಲ್ಲಿ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ.

ಅಜ್ಜಿಗೆ ನಮ್ಮ ಮಲಗುವ ಕೋಣೆ ಬಿಟ್ಟುಕೊಟ್ಟೆವು. ಉಳಿದವರಿಗೆ ಹಜಾರದಲ್ಲಿ ಹಾಸಿಗೆ ಹಾಕಿದೆವು. ನಾವು ಭಾವನ ಮನೆಗೆ ಹೋಗಿ ಮಲಗಿದೆವು. ಮಲಗಿದೆ ಅಂದರೂ ನಿದ್ದೆ ಬರಲಿಲ್ಲ. ಭಾವನ ಮನೆಯಲ್ಲಿ ನೆಟ್‌ವರ್ಕ್ ಇತ್ತು. ಮೇಲ್ ತೆರೆದು ಒಂದೊಂದೇ ಹುಡುಕುತ್ತಾ ಹೋದೆ. ಕಸದ ಬುಟ್ಟಿಯಲ್ಲಿ, ಅಂದರೆ ಟ್ರ್ಯಾಶ್‌ನಲ್ಲಿ, ಅವರ ಎರಡು ಮೇಲ್ ಸಿಕ್ಕಿದವು. ಮೊದಲನೆಯದು ಇರಲೇ ಇಲ್ಲ. ಜಿಮೇಲ್‌ನಲ್ಲಿ ಟ್ರ್ಯಾಶ್‌ಗೆ ಹೋದ ಮೇಲ್ 30 ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ. ಅದೇ ಬುಟ್ಟಿಯಲ್ಲಿ ಬೇರೆ ನಾಲ್ಕು ಜನ ಕೋಣೆ ಕೇಳಿದ ಮೇಲ್‌ಗಳೂ ಇದ್ದವು.

ಅವನ್ನೆಲ್ಲ ಅಲ್ಲಿಗೆ ಹಾಕಿದ್ದು ನಾನೇ.

ನಮ್ಮ ಇಮೇಲ್ ವಿಳಾಸವನ್ನು ಸಿಕ್ಕ ಸಿಕ್ಕ ಕಡೆ ಕೊಟ್ಟಿದ್ದೆ. ಪ್ರವಾಸಿ ತಾಣಗಳ ಪಟ್ಟಿಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದ್ದೆ. ಮೈಸೂರಿನಲ್ಲಿ ಒಂದು ವಸ್ತುಪ್ರದರ್ಶನಕ್ಕೆ ಹೋದಾಗ ಬಹುಮಾನದ ಕೂಪನ್ ತುಂಬಿದ್ದೆ. ಅಂತರ್ಜಾಲದಲ್ಲಿ ತೆರೆದಿಟ್ಟ ವಿಳಾಸಗಳನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಂಗಳೇ ಇವೆ, ಆಮೇಲೆ ಆ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಮೊದಲು ದಿನಕ್ಕೆ ನಾಲ್ಕೈದು ಜಂಕ್ ಬರುತ್ತಿತ್ತು. ನೋಡನೋಡುತ್ತಾ ಎಂಬತ್ತು ದಾಟಿತು. ಜಾಸ್ತಿ ಬರುತ್ತಿದ್ದದ್ದು "ನಿಮ್ಮ ಬುಕಿಂಗ್ ದುಪ್ಪಟ್ಟು ಮಾಡಿಕೊಡುತ್ತೇವೆ" ಎನ್ನುವವರದು.

ಮೊದಲ ತಪ್ಪು ಇಲ್ಲಿ ಆಯಿತು. ಒಂದು ಭಾನುವಾರ ಕೂತು ಪ್ರತಿ ಮೇಲ್‌ನ ಕೆಳಗಿದ್ದ "ಅನ್‌ಸಬ್‌ಸ್ಕ್ರೈಬ್" ಅಂದರೆ ಇನ್ನು ಮೇಲ್ ಬೇಡ ಎನ್ನುವ ಲಿಂಕ್ ಒತ್ತುತ್ತಾ ಹೋದೆ. ಎರಡು ವಾರದಲ್ಲಿ ಜಂಕ್ ಇನ್ನೂ ಹೆಚ್ಚಾಯಿತು. ಗುರುತಿಲ್ಲದ ಕಳ್ಳ ಕಂಪನಿಯ ಲಿಂಕ್ ಒತ್ತಿದರೆ ಈ ವಿಳಾಸವನ್ನು ಯಾರೋ ಬಳಸುತ್ತಿದ್ದಾರೆ, ಓದುತ್ತಿದ್ದಾರೆ ಎಂದು ನಾವೇ ಹೇಳಿದ ಹಾಗೆ. ಅಂಥ ವಿಳಾಸಕ್ಕೆ ಬೆಲೆ ಜಾಸ್ತಿ.

ಎರಡನೆಯದು ನಿಜವಾದ ಅನಾಹುತ. ಸಿಟ್ಟಿನಲ್ಲಿ ಒಂದು ಫಿಲ್ಟರ್ ಹಾಕಿದೆ: ಮೇಲ್‌ನಲ್ಲಿ ಇಂಗ್ಲಿಷಿನ "ಬುಕಿಂಗ್" ಪದ ಇದ್ದರೆ ನೇರ ಅಳಿಸು. ಇನ್‌ಬಾಕ್ಸ್ ಖಾಲಿಯಾಯಿತು. ಎಷ್ಟು ನೆಮ್ಮದಿ ಅನಿಸಿತು ಗೊತ್ತಾ! ಕೋಣೆ ಕೇಳುವ ಅತಿಥಿಯೂ ಅದೇ ಪದ ಬರೆಯುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಪದ ನೋಡಿ ಅಳಿಸುವ ಫಿಲ್ಟರ್ ಯಾವತ್ತೂ ಹಾಕಬೇಡಿ. ಹಾಕಲೇಬೇಕಿದ್ದರೆ ಅಳಿಸುವ ಬದಲು ಬೇರೆ ಫೋಲ್ಡರಿನ ಹಾಗಿರುವ ಒಂದು ಲೇಬಲ್‌ಗೆ ಕಳಿಸಿ, ವಾರಕ್ಕೊಮ್ಮೆ ತೆರೆದು ನೋಡಿ. ಜಂಕ್ ಎಂದು ಜಿಮೇಲ್ ತಾನೇ ಬೇರೆ ಇಡುವ ಸ್ಪ್ಯಾಮ್ ಫೋಲ್ಡರನ್ನೂ ಹಾಗೇ ನೋಡಿ, ಅಲ್ಲಿಯೂ 30 ದಿನಕ್ಕೆ ಎಲ್ಲ ಅಳಿಯುತ್ತದೆ. ನಾನು ಈಗ ಪ್ರತಿ ಶನಿವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡುತ್ತೇನೆ. ಹತ್ತು ನಿಮಿಷದ ಕೆಲಸ.

ಗುರುತಿಲ್ಲದವರ ಮೇಲ್ ಬಂದರೆ ಉತ್ತರ ಬೇಡ, ಒಳಗಿನ ಲಿಂಕ್ ಬೇಡ. "ರಿಪೋರ್ಟ್ ಸ್ಪ್ಯಾಮ್" ಒತ್ತಿ ಬಿಡಿ, ಅಂಥವನ್ನು ಗುರುತಿಸಲು ಜಿಮೇಲ್‌ಗೆ ಅದರಿಂದ ಸಹಾಯ ಆಗುತ್ತದೆ. ನೀವೇ ಹೆಸರು ಕೊಟ್ಟಿದ್ದ ಅಂಗಡಿ, ಬ್ಯಾಂಕಿನ ಜಾಹೀರಾತಾದರೆ ಮಾತು ಬೇರೆ. ಅಲ್ಲಿ ಕಳಿಸಿದವರ ಹೆಸರಿನ ಪಕ್ಕ ಜಿಮೇಲ್ ತಾನೇ ತೋರಿಸುವ ಅನ್‌ಸಬ್‌ಸ್ಕ್ರೈಬ್ ಒತ್ತಬಹುದು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ 2024ರಿಂದ ಗೂಗಲ್ ನಿಯಮ ಬಿಗಿ ಮಾಡಿದೆ. ಜಾಹೀರಾತಿನಿಂದ ಒಂದೇ ಒತ್ತಿಗೆ ಹೊರಬರುವ ದಾರಿ ಕೊಡಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು.

1909 ನಂಬರಿಗೆ ಹೇಳಿದರೆ ಜಂಕ್ ನಿಲ್ಲುತ್ತದೆ ಎಂದು ಪಕ್ಕದ ತೋಟದವರು ಹೇಳಿದ್ದರು. ಅದು ಜಾಹೀರಾತಿನ ಫೋನ್ ಕರೆ ಮತ್ತು ಎಸ್ಎಂಎಸ್‌ಗೆ ಮಾತ್ರ. ಇಮೇಲ್‌ಗೆ ಬರುವುದಿಲ್ಲ.

ಈಗ ನನಗೆ ಮೂರು ವಿಳಾಸ ಇವೆ. ಅತಿಥಿಗಳಿಗೆ ಒಂದು. ಬ್ಯಾಂಕಿಗೆ ಒಂದು, ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಕೂಪನ್, ಅಂಗಡಿ, ಆ್ಯಪ್ ಇಂಥವಕ್ಕೆ ಮೂರನೆಯದು. ಜಿಮೇಲ್‌ನಲ್ಲಿ ಇನ್ನೊಂದು ಉಪಾಯವೂ ಇದೆ. ನಿಮ್ಮ ಹೆಸರಿನ ನಂತರ, ಆ್ಯಟ್ ಗುರುತಿಗೆ ಮೊದಲು, ಪ್ಲಸ್ ಹಾಕಿ ಯಾವುದಾದರೂ ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಒಂದು ಅಂಗಡಿಗೆ ಹಾಗೆ ಬೇರೆ ಪದ ಸೇರಿಸಿ ಕೊಟ್ಟಿದ್ದೆ. ಮೂರೇ ವಾರದಲ್ಲಿ ಆ ಪದ ಇದ್ದ ವಿಳಾಸಕ್ಕೆ ಸಾಲದ ಜಾಹೀರಾತು ಬಂತು. ನನ್ನ ವಿಳಾಸ ಎಲ್ಲಿಂದ ಹೊರಗೆ ಹೋಯಿತು ಎಂದು ಅವತ್ತು ಗೊತ್ತಾಯಿತು. ಕೆಲವು ಫಾರಂಗಳು ಪ್ಲಸ್ ಒಪ್ಪುವುದಿಲ್ಲ, ಅಲ್ಲಿ ಮೂರನೇ ವಿಳಾಸವೇ ಗತಿ.

ಇನ್ನೊಂದು ಮಾತು ಹೋಂಸ್ಟೇಯವರಿಗೆ. "ಅತಿಥಿ ದೂರು ಕೊಟ್ಟಿದ್ದಾರೆ, ಈಗಲೇ ಲಾಗಿನ್ ಆಗಿ" ಎಂಬ ಮೇಲ್ ಬಂದರೆ ಗಾಬರಿಯಲ್ಲಿ ಲಿಂಕ್ ಒತ್ತಬೇಡಿ. ಯಾವಾಗಲೂ ಬಳಸುವ ಆ್ಯಪ್ ತೆರೆದು ಅಲ್ಲೇ ನೋಡಿ. ಪಾಸ್‌ವರ್ಡ್ ಕದಿಯುವವರು ಇದೇ ದಾರಿ ಹಿಡಿಯುತ್ತಾರೆ. ಹಣ ಹೋಗಿದ್ದರೆ ಒಂದು ಗಳಿಗೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಧಾರವಾಡದವರು ಮಾರನೇ ದಿನ ಹೊರಡುವಾಗ ಒಂದೂ ಕೆಟ್ಟ ಮಾತು ಆಡಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಟ್ರ್ಯಾಶ್‌ನಲ್ಲಿ ಸಿಕ್ಕ ಅವರ ಕೊನೆಯ ಮೇಲ್‌ನಲ್ಲಿ "ಅವ್ವಗ ಮೆಟ್ಟಲ ಹತ್ತಾಕ ಆಗೂದಿಲ್ಲ, ಕೆಳಗಿನ ಖೋಲಿ ಕೊಡ್ರಿ" ಎಂದಿತ್ತು. ಈ ಸಲದ ದಸರಾಕ್ಕೆ ಕೆಳಗಿನ ಕೋಣೆಯನ್ನು ಅವರ ಹೆಸರಿನಲ್ಲೇ ಬರೆದಿಟ್ಟಿದ್ದೇನೆ. ವಿಷಯವನ್ನು ಫೋನ್ ಮಾಡಿಯೇ ಹೇಳಿದೆ.