ಓಪಿಎನ್‌ಸೆನ್ಸ್ ಫೈರ್‌ವಾಲ್: ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ 4 ವರ್ಷ ಬಳಸಿದ ಮೇಲೆ

ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಸುಮಾರು 40 ಕಂಪ್ಯೂಟರ್, ಕಂಪ್ಯೂಟರ್ ಹೇಳಿದಂತೆ ಬಿಡಿಭಾಗ ಕೊರೆಯುವ 6 ಸಿಎನ್‌ಸಿ ಮೆಷಿನ್, ಒಂದಷ್ಟು ಕ್ಯಾಮೆರಾ. ಇವೆಲ್ಲದರ ಬಾಗಿಲು ಕಾಯುತ್ತಿರುವುದು ಓಪಿಎನ್‌ಸೆನ್ಸ್. ದುಡ್ಡು ಕೊಡದೆ ಇಳಿಸಿಕೊಳ್ಳಬಹುದಾದ ಓಪನ್ ಸೋರ್ಸ್ ಫೈರ್‌ವಾಲ್ (ನೆಟ್‌ವರ್ಕ್‌ನ ಒಳಗೆ ಹೊರಗೆ ಏನು ಹೋಗಬಹುದು ಅಂತ ತೀರ್ಮಾನಿಸುವ ಸಾಫ್ಟ್‌ವೇರ್), 2015ರಲ್ಲಿ ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲ್‌ನಿಂದ ಕವಲೊಡೆದು ಬಂದದ್ದು.

ಇದನ್ನು ಹಾಕಲು ಕಾರಣ ಒಂದು ಸೋಮವಾರ. ಮೊದಲು ನೆಟ್‌ವರ್ಕ್ ಮಾಡಿಕೊಟ್ಟವರು, ಮನೆಯಿಂದ ಲೆಕ್ಕಪತ್ರ ನೋಡಲು ಅನುಕೂಲ ಆಗಲಿ ಅಂತ ರೂಟರ್‌ನಲ್ಲಿ 3389 ಪೋರ್ಟ್ ತೆರೆದಿಟ್ಟು ಹೋಗಿದ್ದರು. ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು ಅದು. ಬೆಳಿಗ್ಗೆ ಬಂದು ನೋಡಿದರೆ ಸರ್ವರ್‌ನ ಫೈಲೆಲ್ಲ ಲಾಕ್ ಆಗಿದ್ದವು. ಬ್ಯಾಕಪ್ ಡಿಸ್ಕ್ ಕಪಾಟಿನಲ್ಲಿತ್ತು, ಅದರಿಂದ ಉಳಿದುಕೊಂಡೆವು. ಆದರೂ 9 ದಿನದ ಬಿಲ್ಲುಗಳನ್ನು ಅಕೌಂಟ್ಸ್ ಮೇಡಂ ಮೊದಲಿಂದ ಎಂಟ್ರಿ ಮಾಡಬೇಕಾಯಿತು. ಈಗ ಹೊರಗಿಂದ ಬರುವವರಿಗೆ ವಿಪಿಎನ್ (ಇಂಟರ್ನೆಟ್ ಮೇಲೆ ಗುಪ್ತ ಸುರಂಗದಂಥ ಸಂಪರ್ಕ) ಒಂದೇ ದಾರಿ, ಅದಕ್ಕೂ ಪಾಸ್‌ವರ್ಡ್ ಜೊತೆ ಮೊಬೈಲ್‌ನ ಆರಂಕಿ ಕೋಡ್ ಬೇಕು.

ಎಲ್ಲರೂ ಕೇಳುವುದು ಇದರಲ್ಲಿರುವ, ದಾಳಿ ಹಿಡಿಯುವ ಸುರಿಕಾಟಾ ಅನ್ನುವ ಭಾಗದ ಬಗ್ಗೆ. ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ವಿಲ್ಯಾನ್, ಅಂದರೆ ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಕೋಣೆ ಮಾಡುವುದು. ನಮ್ಮ ಸಿಎನ್‌ಸಿ ಕಂಪ್ಯೂಟರ್‌ಗಳಲ್ಲಿ ಇನ್ನೂ ವಿಂಡೋಸ್ 7 ಇದೆ. ಅದಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು, ಆದರೆ ಮೆಷಿನ್ ಸಾಫ್ಟ್‌ವೇರ್ ಹೊಸದರಲ್ಲಿ ಓಡುವುದಿಲ್ಲ. ಬದಲಾಯಿಸಲು ಆಗದಿದ್ದರೆ ಬೇರೆಯಾಗಿ ಇಡಬೇಕು, ಅಲ್ವಾ? ಈಗ ಅವಕ್ಕೆ ಇಂಟರ್ನೆಟ್ ಇಲ್ಲ, ಡ್ರಾಯಿಂಗ್ ಇರುವ ಒಂದೇ ಸರ್ವರ್ ಜೊತೆ ಮಾತು. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ 445 ಪೋರ್ಟ್‌ನಿಂದ, ಅದೂ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟ ಮೇಲೆ. ಪ್ಯಾಚ್ ಹಾಕದ ಕಂಪ್ಯೂಟರ್‌ಗಳು ಒಂದನ್ನೊಂದು ನೋಡುವ ಹಾಗಿದ್ದ ಕಡೆ ಅದು ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ಹಾರಿತು.

ಒಂದು ಮಾತು ಗಮನಿಸಿ. ಓಪಿಎನ್‌ಸೆನ್ಸ್‌ನಲ್ಲಿ ಹೊರಗಿಂದ ಒಳಗೆ ಬರುವುದು ಮೊದಲೇ ಬಂದ್. ಆದರೆ ಲ್ಯಾನ್‌ನಿಂದ, ಅಂದರೆ ಒಳಗಿನ ನೆಟ್‌ವರ್ಕ್‌ನಿಂದ, ಹೊರಗೆ ಎಲ್ಲಕ್ಕೂ ಬಿಡು ಅನ್ನುವ ರೂಲ್ ತಾನಾಗಿ ಇರುತ್ತದೆ. ನಾನದನ್ನು ತೆಗೆದು, ಬೇಕಾದ್ದಕ್ಕಷ್ಟೇ ರೂಲ್ ಬರೆದೆ. 2 ವಾರ ಕಷ್ಟ ಆಯಿತು, ಬ್ಯಾಂಕಿನ ಸಾಫ್ಟ್‌ವೇರ್ ನಿಂತಿತು, ಎಲ್ಲರೂ ನನ್ನ ಟೇಬಲ್ ಮುಂದೆ. ಲೈವ್ ಲಾಗ್ (ಏನು ಹೋಯಿತು, ಏನು ನಿಂತಿತು ಅನ್ನುವ ದಾಖಲೆ) ನೋಡಿ ಒಂದೊಂದೇ ಬಿಡುತ್ತಾ ಹೋದೆ. ಆಗಲೇ ಗೊತ್ತಾಗಿದ್ದು, ಕ್ಯಾಮೆರಾ ರೆಕಾರ್ಡರ್ ದಿನವಿಡೀ ಹೊರಗಿನ ಯಾವುದೋ ವಿಳಾಸಕ್ಕೆ ಹೋಗಲು ನೋಡುತ್ತಿದೆ ಅಂತ.

ಸುರಿಕಾಟಾ ಬೇಡ ಅಂತಲ್ಲ. ಮೊದಲ ದಿನವೇ ತಡೆಯುವ ಮೋಡ್‌ಗೆ ಹಾಕಬೇಡಿ, ಒಂದು ತಿಂಗಳು ಸುಮ್ನೆ ಎಚ್ಚರಿಕೆ ಮಾತ್ರ ಬರಲಿ. ಹಾರ್ಡ್‌ವೇರ್ ಆಫ್‌ಲೋಡಿಂಗ್ (ಒಂದಷ್ಟು ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೇ ಬಿಡುವ ಸೆಟ್ಟಿಂಗ್) ಆಫ್ ಮಾಡಿ. ನಾನು ಮರೆತು ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ. ಗುಪ್ತಲಿಪಿಯಲ್ಲಿ ಹೋಗುವ ಎಚ್‌ಟಿಟಿಪಿಎಸ್ ಒಳಗೆ ಏನಿದೆ ಅಂತ ಸುರಿಕಾಟಾಗೆ ಕಾಣುವುದಿಲ್ಲ.

ಓಪಿಎನ್‌ಸೆನ್ಸ್‌ನ ದೊಡ್ಡ ಅಪ್‌ಡೇಟ್ ಜನವರಿ ಮತ್ತು ಜುಲೈನಲ್ಲಿ. ಶನಿವಾರ ಶಿಫ್ಟ್ ಮುಗಿದ ಮೇಲೆ ಹಾಕುತ್ತೇನೆ. ಸೆಟ್ಟಿಂಗ್ ಎಲ್ಲ ಒಂದೇ ಎಕ್ಸ್‌ಎಂಎಲ್ ಫೈಲ್, ಮೊದಲು ಅದರ ಕಾಪಿ ಇಟ್ಟುಕೊಳ್ಳಿ.

ಲಾಗ್ ವಿಷಯ ಜಾಸ್ತಿ ಜನ ಮರೆಯುತ್ತಾರೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಕಂಪನಿಯಾಗಲಿ ಸರ್ಕಾರಿ ಕಚೇರಿಯಾಗಲಿ 180 ದಿನದ ಲಾಗ್ ಇಡಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ನಾವು ಹಳೆಯ ಪಿಸಿಯೊಂದಕ್ಕೆ ಸಿಸ್‌ಲಾಗ್ ಮೂಲಕ ಲಾಗ್ ಕಳಿಸುತ್ತೇವೆ. ಗಡಿಯಾರವನ್ನು ಸರ್ಕಾರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಸಮಯಕ್ಕೆ ಹೊಂದಿಸಿದ್ದೇವೆ, ಇಲ್ಲದಿದ್ದರೆ ಯಾವುದು ಮೊದಲು ನಡೆಯಿತು ಅಂತಲೇ ಗೊತ್ತಾಗುವುದಿಲ್ಲ.

ಉಚಿತ ಆವೃತ್ತಿಯಲ್ಲಿ ತೊಂದರೆ ಬಂದರೆ ಫೋನ್ ಮಾಡಿ ಕೇಳಲು ಯಾರೂ ಇಲ್ಲ. ನೆಟ್‌ವರ್ಕ್ ಬಲ್ಲವರೊಬ್ಬರೂ ಇಲ್ಲದ ಕಚೇರಿಗೆ ಇದನ್ನು ಹಾಕಿ ಅಂತ ನಾನು ಹೇಳುವುದಿಲ್ಲ. ಅಂಥಲ್ಲಿ ವರ್ಷದ ದುಡ್ಡು ಕೊಟ್ಟು, ಕರೆದರೆ ಬರುವ ಎಂಜಿನಿಯರ್ ಇರುವ ಫೈರ್‌ವಾಲ್ ಪೆಟ್ಟಿಗೆಯೇ ಸರಿ.

ನಮ್ಮದು 8 ಜಿಬಿ ರ್‍ಯಾಮ್, 4 ಇಂಟೆಲ್ ನೆಟ್‌ವರ್ಕ್ ಕೇಬಲ್ ಪೋರ್ಟ್ ಇರುವ ಪುಟ್ಟ ಪಿಸಿ, 200 ಎಂಬಿಪಿಎಸ್ ಲೈನಿಗೆ ಸಾಕಾಗಿದೆ. ಇರುವುದು ಒಂದೇ ಅನ್ನುವುದು ಈಗಿನ ಚಿಂತೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುವ ಹಾಗೆ ಜೋಡಿ ಹಾಕಲು ಮಾಲೀಕರು ಒಪ್ಪಿದ್ದಾರೆ. ಹಾಕಿದ ಮೇಲೆ ಹೇಗಿದೆ ಅಂತ ಇದಕ್ಕೇ ಸೇರಿಸುತ್ತೇನೆ.